ತಂದೆಯವರಿಗೆ ಒಂದು ಎರಡಾಗಿ ಕಾಣುತ್ತಿದೆ: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ, ಸೋಮವಾರಪೇಟೆಯಿಂದ: ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನಮ್ಮ ತಂದೆಯವರಿಗೆ ಮೊನ್ನೆಯಿಂದ ಎದುರು ಬರುವ ವಾಹನ ಎರಡಾಗಿ ಕಾಣುತ್ತಿದೆ. ಕನ್ನಡಕ ಬದಲಿಸಿದರೆ ಸರಿಹೋಗುವುದೇ? ಸ್ವಲ್ಪ ದಿನ ಕಾದು ನೋಡಬಹುದೇ?

ವಿರಾಜಪೇಟೆಯಿಂದ: ದಯವಿಟ್ಟು ಕಾಯಬೇಡಿ. ಮೊದಲು ಅವರ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಕೇಳಿ. ಒಂದು ಕಣ್ಣು ಮುಚ್ಚಿದ ಮೇಲೂ ತೆರೆದ ಕಣ್ಣಿಗೆ ಎರಡೇ ಕಂಡರೆ ದೋಷ ಸಾಮಾನ್ಯವಾಗಿ ಆ ಕಣ್ಣಿನದೇ ಆಗಿರುತ್ತದೆ. ಪೊರೆ ಬಂದಿರಬಹುದು, ಕಣ್ಣು ಒಣಗಿರಬಹುದು, ಕನ್ನಡಕದ ನಂಬರ್ ಬದಲಾಗಿರಬಹುದು. ಯಾವ ಕಣ್ಣನ್ನು ಮುಚ್ಚಿದರೂ ಒಂದೇ ಕಾಣುವುದಾದರೆ ಎರಡು ಕಣ್ಣುಗಳು ಹೊಂದಿಕೊಂಡು ತಿರುಗುತ್ತಿಲ್ಲ ಎಂದರ್ಥ, ಆಗ ಸ್ನಾಯು, ನರ, ಮಿದುಳು ಎಲ್ಲವನ್ನೂ ವೈದ್ಯರು ಪರೀಕ್ಷಿಸಬೇಕಾಗುತ್ತದೆ.

ಸಕ್ಕರೆ ಕಾಯಿಲೆಯ ಜೊತೆಗೆ ಬಿ.ಪಿ.ಯೂ ಇದ್ದ ನಮ್ಮ ಚಿಕ್ಕಪ್ಪನವರ ಎಡಗಣ್ಣು ಕಿವಿಯ ಕಡೆಗೆ ಹೊರಳುತ್ತಲೇ ಇರಲಿಲ್ಲ. ಕೈಯಲ್ಲಿದ್ದ ಪತ್ರಿಕೆ ಸರಿಯಾಗಿ ಕಾಣುತ್ತಿತ್ತು, ದೂರದ ಸಿಲ್ವರ್ ಮರ ಮಾತ್ರ ಅಕ್ಕಪಕ್ಕ ಎರಡಾಗುತ್ತಿತ್ತು. ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರಕ್ಕೆ ರಕ್ತ ಪೂರೈಸುವ ಸಣ್ಣ ನಾಳ ಕಟ್ಟಿಕೊಂಡಿದೆ ಎಂದು ವೈದ್ಯರು ತಿಳಿಸಿದರು. ಇಂಥದ್ದು ಸಾಮಾನ್ಯವಾಗಿ ಸುಮಾರು 3 ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಅಲ್ಲಿಯವರೆಗೆ ಸಕ್ಕರೆ ಮತ್ತು ಬಿ.ಪಿ.ಯನ್ನು ಹತೋಟಿಯಲ್ಲಿಟ್ಟು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುವುದು ಅಥವಾ ಕನ್ನಡಕಕ್ಕೆ ಪ್ರಿಸಂ (ಬೆಳಕನ್ನು ಬಾಗಿಸಿ ಎರಡು ಬಿಂಬಗಳನ್ನು ಒಂದಾಗಿಸುವ ತೆಳು ಹಾಳೆ) ಅಂಟಿಸಿಕೊಳ್ಳುವುದು ವಾಡಿಕೆ. ಚಿಕ್ಕಪ್ಪನವರಿಗೂ ಹಾಗೆಯೇ ವಾಸಿಯಾಯಿತು. ವಾಸಿಯಾಗದೆ ಉಳಿದವರಿಗೆ, ಓರೆ ಸ್ಥಿರವಾಗಿದೆಯೆಂದು ಹಲವು ತಿಂಗಳು ನೋಡಿಕೊಂಡು, ಸ್ನಾಯುವಿನ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಪಟ್ಟಿ ಕಟ್ಟಿದರೆ ಎರಡು ಕಾಣುವುದು ನಿಲ್ಲುತ್ತದೆ, ಆದರೆ ದೂರ ಹತ್ತಿರದ ಅಂದಾಜು ತಪ್ಪುತ್ತದೆ. ಆದ್ದರಿಂದ ಕರಿಮೆಣಸು ಕೊಯ್ಯಲು ಏಣಿ ಹತ್ತುವುದನ್ನೂ ನಮ್ಮ ತಿರುವು ರಸ್ತೆಗಳಲ್ಲಿ ವಾಹನ ಓಡಿಸುವುದನ್ನೂ ತಂದೆಯವರು ಕಡ್ಡಾಯವಾಗಿ ಬಿಡಲಿ.

ಕುಶಾಲನಗರದಿಂದ: ನಮ್ಮ ಅತ್ತೆಯವರಿಗೆ ಬೆಳಿಗ್ಗೆ ಏನೂ ಇರುತ್ತಿರಲಿಲ್ಲ, ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋಲುತ್ತಿತ್ತು, ಎರಡು ಕಾಣುತ್ತಿತ್ತು. ಅದು ಮಯಸ್ತೇನಿಯಾ ಗ್ರೇವಿಸ್ ಎಂಬ, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ಪಿರಿಡೋಸ್ಟಿಗ್ಮಿನ್ ಮಾತ್ರೆಯಿಂದ ಈಗ ಹಿಡಿತದಲ್ಲಿದೆ. ಥೈರಾಯ್ಡ್ ತೊಂದರೆಯಿಂದಲೂ ಕಣ್ಣಿನ ಸ್ನಾಯು ಊದಿಕೊಂಡು ಹೀಗಾಗುವುದರಿಂದ ಆ ರಕ್ತಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಮಡಿಕೇರಿಯಿಂದ: ಸಕ್ಕರೆಯೇ ಕಾರಣವೆಂದು ಮನೆಯಲ್ಲೇ ತೀರ್ಮಾನಿಸಬೇಡಿ. ವಿಪರೀತ ತಲೆನೋವು, ಮಾತು ತೊದಲುವುದು, ಕೈಕಾಲಿನ ಬಲಹೀನತೆ, ಅಥವಾ ರೆಪ್ಪೆ ಜೋತು ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಇವುಗಳಲ್ಲಿ ಒಂದು ಕಂಡರೂ ಪಾರ್ಶ್ವವಾಯುವೋ ಮಿದುಳಿನ ರಕ್ತನಾಳದ ಉಬ್ಬೋ ಇರಬಹುದು. ರಾತ್ರಿಯಾದರೂ ಸರಿ, ತಕ್ಷಣವೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಇವಾವುವೂ ಇಲ್ಲದಿದ್ದರೂ ಇಂದೇ ಕಣ್ಣಿನ ವೈದ್ಯರಿಗೆ ತೋರಿಸಿ, ಸಕ್ಕರೆಯ ಹಳೆಯ ವರದಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.