ಸ್ಟೇಜ್ ಮ್ಯಾನೇಜರ್ ಆಗಬೇಕು, ತುಮಕೂರಿನಿಂದ ಎಲ್ಲಿ ಶುರು ಮಾಡಲಿ?

ಕೇಳಿದವರು: ತುಮಕೂರು, ಬಿ.ಕಾಂ. ಕೊನೆಯ ವರ್ಷ

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಮೂರು ನಾಟಕಗಳಲ್ಲಿ ಕೆಲಸ ಮಾಡಿದ್ದೇನೆ. ಒಂದರಲ್ಲೂ ಪಾರ್ಟ್ ಮಾಡಿಲ್ಲ. ಸ್ಟೇಜಿನ ಪಕ್ಕದ ಮರೆಯಲ್ಲಿ, ಸೈಡ್ ವಿಂಗಿನಲ್ಲೇ ಇದ್ದೆ. ಯಾರು ಯಾವಾಗ ಒಳಗೆ ಹೋಗಬೇಕು, ಕುರ್ಚಿ ಎಲ್ಲಿಡಬೇಕು, ಲೈಟಿನವರಿಗೆ ಯಾವಾಗ ಸನ್ನೆ ಮಾಡಬೇಕು, ಎಲ್ಲ ನನ್ನ ಮೇಲೇ ಇತ್ತು. ಆ ಕೆಲಸ ತುಂಬಾ ಹಿಡಿಸಿದೆ. ಇದನ್ನೇ ಕಲಿತು ಇದರಲ್ಲೇ ಇರಬೇಕು ಅಂತ ಆಸೆ. "ಪರದೆ ಎಳೆಯೋದಕ್ಕೂ ಓದಬೇಕಾ?" ಅಂತ ಅಪ್ಪ ಕೇಳುತ್ತಾರೆ. ಜಗಳ ಏನಿಲ್ಲ, ಅವರಿಗೆ ನಿಜವಾಗಲೂ ಗೊತ್ತಿಲ್ಲ. ಎಲ್ಲಿ ಕಲಿಯಲಿ? ಹೊಟ್ಟೆಪಾಡು ನಡೆಯುತ್ತಾ? ಅನುಭವ ಇರುವವರು ದಯವಿಟ್ಟು ಹೇಳಿ.

ಗುಬ್ಬಿ ಕಡೆಯವರು, ಹದಿನಾಲ್ಕು ವರ್ಷದಿಂದ ಇದೇ ಕೆಲಸ

ತಂಗಿ, ಮೊದಲು ಅಪ್ಪನಿಗೆ ಉತ್ತರ ಕೊಡೋಣ. ನಮ್ಮ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಯಿತು. ಅದನ್ನು ನಾಡಿಗೆಲ್ಲ ಗೊತ್ತಾಗುವ ಹಾಗೆ ಬೆಳೆಸಿದವರು ಗುಬ್ಬಿ ವೀರಣ್ಣನವರು. ಅವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆ ಸ್ಟೇಜಿಗೆ ಬರುತ್ತಿದ್ದವು. ನಮ್ಮ ಕಡೆ ಹಿರಿಯರು ಈಗಲೂ ಅದನ್ನೇ ಹೇಳುತ್ತಾರೆ. ಆನೆ ತಾನಾಗಿ ಬರುವುದಿಲ್ಲ ಅಲ್ವಾ? ಹಿಂದೆ ಅದನ್ನು ಸದ್ದಿಲ್ಲದೆ ನಿಲ್ಲಿಸಿಕೊಂಡು, ಸರಿಯಾದ ಮಾತಿಗೆ ಸರಿಯಾಗಿ ಬಿಡುವವರು ಒಬ್ಬರು ಬೇಕೇ ಬೇಕು. ನಿನ್ನ ಕೆಲಸ ಅದು. ಅಪ್ಪನಿಗೆ ಹೀಗೇ ಹೇಳು.

ಇನ್ನು ಕಲಿಯುವ ವಿಷಯ. ಎಲ್ಲಕ್ಕಿಂತ ಮೊದಲು ಪ್ರಾಂಪ್ಟ್ ಕಾಪಿ, ಅಂದರೆ ಶೋ ನಡೆಸುವ ಪುಸ್ತಕ, ಬರೆಯುವುದನ್ನು ಕಲಿ. ಇನ್ನೂರು ಪುಟದ ದೊಡ್ಡ ನೋಟ್‌ಬುಕ್ ತಗೋ. ಎಡಗಡೆ ನಾಟಕದ ಜೆರಾಕ್ಸ್ ಅಂಟಿಸು. ಬಲಗಡೆ ಖಾಲಿ ಬಿಡು. ಯಾರು ಎಲ್ಲಿಂದ ಬಂದರು, ಯಾವ ಮಾತಿಗೆ ಎದ್ದರು, ಚೊಂಬು ಯಾವ ಕೈಯಲ್ಲಿತ್ತು, ಎಲ್ಲ ಅಲ್ಲಿ ಬರಬೇಕು. ಪೆನ್ಸಿಲ್ಲಿನಲ್ಲೇ ಬರಿ. ನಿರ್ದೇಶಕರು ನಾಳೆ ಬದಲಾಯಿಸುತ್ತಾರೆ. ಲೈಟು, ಮ್ಯೂಸಿಕ್ ಎರಡಕ್ಕೂ ಬೇರೆ ಬೇರೆ ನಂಬರ್ ಕೊಡು. ಲೈಟೋ ಮ್ಯೂಸಿಕ್ಕೋ ಬದಲಾಗಬೇಕಾದ ಜಾಗಕ್ಕೆ ಕ್ಯೂ ಅನ್ನುತ್ತೇವೆ. ನಾನು ಪ್ರತಿ ಕ್ಯೂಗೆ ಅರ್ಧ ಪುಟ ಮೊದಲೇ 'ರೆಡಿ' ಅಂತ ಬರೆದಿರುತ್ತೇನೆ. ಯಾವ ಪದಕ್ಕೆ 'ಗೋ' ಅನ್ನಬೇಕೋ ಆ ಪದದ ಸುತ್ತ ಗೆರೆ ಎಳೆದಿರುತ್ತೇನೆ. ನೀನು ಜ್ವರ ಬಂದು ಮಲಗಿದರೂ ಬೇರೆಯವರು ಆ ಪುಸ್ತಕ ಹಿಡಿದು ಶೋ ನಡೆಸುವ ಹಾಗಿರಬೇಕು.

ಇದರ ಬೆಲೆ ನನಗೆ ತಿಳಿದದ್ದು ಮೂರನೇ ವರ್ಷದಲ್ಲಿ. ಒಂದು ತಾಲ್ಲೂಕು ಊರಿನಲ್ಲಿ ಶೋ. ಮಗಳು ಅಪ್ಪನ ಕೈಗೆ ಒಂದು ಕಾಗದ ಕೊಡುವ ದೃಶ್ಯ. ಆ ಕಾಗದ ಹಿಂದಿನ ಊರಿನ ಗ್ರೀನ್ ರೂಮಿನಲ್ಲೇ ಉಳಿದಿತ್ತು. ನಾನು ನೋಡಿದ್ದು ಮೂರನೇ ಬೆಲ್ ಆದ ಮೇಲೆ. ಗಾಬರಿಯಲ್ಲಿ ಪ್ರಾಂಪ್ಟ್ ಕಾಪಿಯ ಬಲಗಡೆಯ ಒಂದು ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ಕೊಟ್ಟುಬಿಟ್ಟೆ. ಮುಂದಿನ ದೃಶ್ಯದ ಕ್ಯೂಗಳೆಲ್ಲ ಆ ಹಾಳೆಯಲ್ಲೇ ಇದ್ದವು. ನಾನು ಕತ್ತಲಲ್ಲಿ ಪುಟ ತಿರುಗಿಸುತ್ತಿದ್ದೇನೆ, ಹಾಳೆ ಸ್ಟೇಜಿನ ಮೇಲೆ ನಟರ ಕೈಯಲ್ಲಿದೆ. ನಾಲ್ಕು ಕ್ಯೂ ತಪ್ಪಿದವು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅಂದಿನಿಂದ ವಿಂಗಿನ ಪಕ್ಕ ಒಂದು ಟೇಬಲ್ ಹಾಕಿ, ಬ್ರೌನ್ ಶೀಟ್ ಹಾಸುತ್ತೇನೆ. ಒಂದೊಂದೇ ಸಾಮಾನು ಇಟ್ಟು ಅದರ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದು ಹೆಸರು ಬರೆಯುತ್ತೇನೆ. ಕನ್ನಡಕ, ಚೊಂಬು, ಕೋಲು, ಕಾಗದ. ಒಂದು ಇಲ್ಲದಿದ್ದರೂ ಖಾಲಿ ಗೆರೆ ಕಣ್ಣಿಗೆ ಬೀಳುತ್ತದೆ. ಜನರನ್ನು ಒಳಗೆ ಬಿಡುವ ಮೊದಲು ಒಂದು ಸಲ, ಇಂಟರ್‌ವಲ್ಲಿನಲ್ಲಿ ಇನ್ನೊಂದು ಸಲ ನೋಡುತ್ತೇನೆ. ಕಾಗದವನ್ನು ಮಾತ್ರ ಎರಡು ಪ್ರತಿ ಮಾಡಿ ಇಟ್ಟಿರುತ್ತೇನೆ.

ಕೋರ್ಸ್ ಅಂದರೆ, ಬರೀ ಸ್ಟೇಜ್ ಮ್ಯಾನೇಜ್‌ಮೆಂಟ್ ಹುಡುಕುತ್ತಾ ಕೂರಬೇಡ. ನಮ್ಮಲ್ಲಿ ರಂಗಶಿಕ್ಷಣದ ಒಳಗೇ ಇದನ್ನು ಕಲಿಯಬೇಕು. ಶಿವಮೊಗ್ಗ ಜಿಲ್ಲೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಲ್ಲೇ ಉಳಿದು ಕಲಿಯಬೇಕು. ಪಾರ್ಟೂ ಮಾಡುತ್ತೀಯ, ಸೆಟ್ಟಿಗೆ ಮೊಳೆಯೂ ಹೊಡೆಯುತ್ತೀಯ. ಪಾರ್ಟ್ ಮಾಡಲು ಹಿಂಜರಿಯಬೇಡ. ಸ್ಟೇಜಿನ ಮೇಲೆ ಬೆಳಕಿಗೆ ಕಾಯುವುದು ಹೇಗಿರುತ್ತದೆ ಅಂತ ಗೊತ್ತಿದ್ದರೆ ವಿಂಗಿನಲ್ಲಿ ನಿಂತಾಗ ಕೈ ಚುರುಕಾಗುತ್ತದೆ. ಮೈಸೂರಿನ ರಂಗಾಯಣದಲ್ಲೂ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಿಕ್ಷಣ ಇದೆ. ಸಾಣೇಹಳ್ಳಿ ನಿನಗೆ ಹತ್ತಿರ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಮೂರು ವರ್ಷದ್ದು. ಅದಕ್ಕೆ ಪದವಿ ಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಅದಕ್ಕೇ ಹೇಳುತ್ತೇನೆ, ಬಿ.ಕಾಂ. ಮುಗಿಸು. ಆಮೇಲೆ ಹೋಗು.

ನನಗೆ ಕೋರ್ಸಿಗಿಂತ ಜಾಸ್ತಿ ಕಲಿಸಿದ್ದು ತಿರುಗಾಟ. ನೀನಾಸಂ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ 'ತಿರುಗಾಟ' ಶುರು ಮಾಡಿತು, ಸಾಣೇಹಳ್ಳಿಯವರದು 'ಶಿವಸಂಚಾರ'. ಇಂಥ ತಂಡದ ಜೊತೆ ಒಂದು ಸೀಸನ್ ಓಡಾಡಿದರೆ ಸಾಕು. ಇವತ್ತು ದೊಡ್ಡ ರಂಗಮಂದಿರ, ನಾಳೆ ಶಾಲೆಯ ಅಂಗಳ. ಮೂವತ್ತು ಅಡಿಯ ಸೆಟ್ಟನ್ನು ಹದಿನೆಂಟು ಅಡಿಯಲ್ಲಿ ಕೂರಿಸಬೇಕು. ಮಧ್ಯಾಹ್ನ ಇಳಿಸಬೇಕು, ಸಂಜೆ ಶೋ, ರಾತ್ರಿ ಬಿಚ್ಚಿ ಮತ್ತೆ ಗಾಡಿಗೆ ಹಾಕಬೇಕು. ಮೈ ನೋಯುತ್ತದೆ, ಸುಳ್ಳು ಹೇಳುವುದಿಲ್ಲ.

ಕುಣಿಗಲ್ ಕಡೆಯಿಂದ, ಡ್ರಾಮಾ ಸೀನರಿ ಬಾಡಿಗೆಗೆ ಕೊಡುವವರು

ಅಮ್ಮಾ, ಹೆಗ್ಗೋಡಿಗೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ನಮ್ಮ ಹಳ್ಳಿ ನಾಟಕಗಳ ಹಿಂದೆ ಒಂದು ರಾತ್ರಿ ನಿಂತು ನೋಡು. ಸುಗ್ಗಿ ಮುಗಿಯಿತು ಅಂದರೆ ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕ ಇಲ್ಲದ ಊರೇ ಕಡಿಮೆ. ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವ.

ನಮ್ಮ ಪರದೆಗಳಿಗೆ ಒಂದು ಲೆಕ್ಕ ಇದೆ. ಮುಂದುಗಡೆ ಬೀದಿ ಪರದೆ. ಅದು ಕೆಳಗಿಳಿದಿರುವಾಗ ಅದರ ಮುಂದೆ ಇಬ್ಬರು ಹಾಸ್ಯದ ಪಾರ್ಟಿನವರು ಮಾತಾಡುತ್ತಿರುತ್ತಾರೆ. ಜನ ನಗುತ್ತಿರುತ್ತಾರೆ. ಆ ಹೊತ್ತಿನಲ್ಲಿ ಹಿಂದೆ ನಾವು ಕಾಡು ತೆಗೆದು ದರ್ಬಾರ್ ಕೂರಿಸುತ್ತಿರುತ್ತೇವೆ. ಸಿಂಹಾಸನದ ಸದ್ದು ಆ ನಗುವಿನಲ್ಲಿ ಮುಚ್ಚಿಹೋಗುತ್ತದೆ. ನಾವು ರೆಡಿ ಆಗಿಲ್ಲ ಅಂದರೆ ಹಾರ್ಮೋನಿಯಂ ಮೇಷ್ಟ್ರ ಕಡೆ ಕೈ ಮಾಡುತ್ತೇವೆ. ಅವರು ಹಾಡು ಇನ್ನೊಂದು ಸುತ್ತು ಎಳೆಯುತ್ತಾರೆ. ರೆಡಿ ಆಯಿತು ಅಂದರೆ ಹಗ್ಗ ಒಂದು ಸಲ ಅಲ್ಲಾಡಿಸುತ್ತೇವೆ. ನೀವು ಹೆಡ್‌ಫೋನಿನಲ್ಲಿ ಹೇಳುವುದನ್ನು ನಾವು ಹಗ್ಗದಲ್ಲಿ ಹೇಳುತ್ತೇವೆ.

ನಾನು ಓದಿದ್ದು ಏಳನೇ ಕ್ಲಾಸು. ನಮ್ಮ ತಂದೆಯ ಕೈಕೆಳಗೆ ಹಗ್ಗ ಹಿಡಿದು ಕಲಿತೆ. ನಿನ್ನಂಥ ಓದಿದ ಮಗು ಇದನ್ನು ನೋಡಿ ಬರೆದಿಟ್ಟರೆ ನಮಗೂ ಸಂತೋಷ.

ಕೋಲಾರದಿಂದ, ಲೈಟಿಂಗ್ ಮತ್ತು ಕಾರ್ಯಕ್ರಮ ನಿರ್ವಹಣೆ

ದುಡ್ಡಿನ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ಬರೀ ಕನ್ನಡ ಹವ್ಯಾಸಿ ನಾಟಕ ನಂಬಿಕೊಂಡರೆ ಮನೆ ಬಾಡಿಗೆ ಕಟ್ಟುವುದು ಕಷ್ಟ. ಶೋಗೆ 500 ರೂಪಾಯಿ ತಗೊಂಡಿದ್ದೇನೆ, ಬರೀ ಊಟ ಮಾಡಿ ಬಂದದ್ದೂ ಇದೆ. ನಾನು ಬೆಂಗಳೂರಿನ ಕಂಪನಿಗಳ ಕಾರ್ಯಕ್ರಮ, ಡ್ಯಾನ್ಸ್ ಶೋ, ಶಾಲಾ ವಾರ್ಷಿಕೋತ್ಸವಗಳಲ್ಲಿ ದುಡಿದು, ವರ್ಷಕ್ಕೆ ನಾಲ್ಕೈದು ನಾಟಕ ಮಾಡುತ್ತೇನೆ. ಎರಡೂ ಕಡೆ ಕ್ಯೂ ಕೊಡುವ ಕೆಲಸ ಒಂದೇ. ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ.

ನಿಮ್ಮ ಬಿ.ಕಾಂ. ಬಗ್ಗೆ ಒಂದು ಮಾತು. ಸುಮಾರು ತಂಡಗಳು ಕೇಂದ್ರ ಸಂಸ್ಕೃತಿ ಸಚಿವಾಲಯದ ಧನಸಹಾಯಕ್ಕೆ ಅರ್ಜಿ ಹಾಕುತ್ತವೆ. ಬಂದ ಹಣಕ್ಕೆ ಲೆಕ್ಕಪತ್ರ, ಬಳಕೆ ಪ್ರಮಾಣಪತ್ರ ಕೊಡಬೇಕು. ಅದನ್ನು ನೀಟಾಗಿ ಮಾಡುವವರು ತಂಡಗಳಲ್ಲಿ ಸಿಗುವುದೇ ಕಷ್ಟ. ಕ್ಯೂ ಕೊಡುವುದೂ ಲೆಕ್ಕ ಇಡುವುದೂ ಎರಡೂ ಬಂದರೆ ನಿಮ್ಮನ್ನು ಯಾರೂ ಬಿಡುವುದಿಲ್ಲ.

ಕರೆಂಟಿನ ಲೆಕ್ಕವನ್ನೂ ಕಲಿಯಿರಿ. ಹಳೇ ಪಾರ್ ಲೈಟ್ ಒಂದಕ್ಕೆ 1000 ವ್ಯಾಟ್. ಇಪ್ಪತ್ತು ಹಾಕಿದರೆ 20 ಕಿಲೋವ್ಯಾಟ್, ಅಂದರೆ 85 ಆಂಪಿಯರಿಗಿಂತ ಜಾಸ್ತಿ. ಮನೆಗೆ ಕೊಡುವ ಸಿಂಗಲ್ ಫೇಸ್ ಲೈನ್ ಇದನ್ನು ತಡೆಯುವುದಿಲ್ಲ. ಹೊಸ ಊರಿಗೆ ಹೋದರೆ ನಾನು ಮೊದಲು ನೋಡುವುದು ಮೀಟರ್ ಬೋರ್ಡ್, ಆಮೇಲೆ ಸ್ಟೇಜ್. ಒಂದು ಸಲ ಹಾಗೆ ನೋಡದೆ ನಾಟಕದ ನಡುವೆ ಇಡೀ ಹಾಲ್ ಕತ್ತಲಾಗಿತ್ತು.

ಕೋಲಾರಕ್ಕೆ ಬಂದರೆ ಅಂತರಗಂಗೆ ಬೆಟ್ಟದ ಮೇಲಿರುವ 'ಆದಿಮ' ಸಾಂಸ್ಕೃತಿಕ ಕೇಂದ್ರಕ್ಕೆ ಹುಣ್ಣಿಮೆ ದಿನ ಹೋಗಿ ನೋಡಿ. ಬಯಲಿನಲ್ಲಿ ನಾಟಕ ಮಾಡುವುದು ಬೇರೆಯೇ ಪಾಠ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆನೆಯ ಮಾತು ಅಪ್ಪನಿಗೆ ಹೇಳಿದೆ. ಏನೂ ಅನ್ನಲಿಲ್ಲ, ಆದರೆ ಚಿಕ್ಕವರಿದ್ದಾಗ ನೋಡಿದ ನಾಟಕದ ಬಗ್ಗೆ ಅರ್ಧ ಗಂಟೆ ಮಾತಾಡಿದರು! ಎರಡು ಅನುಮಾನ. ಹಳ್ಳಿ ನಾಟಕ ಬೆಳಗಿನವರೆಗೂ ಅಂದರೆ ಒಬ್ಬಳೇ ಬರಬಹುದಾ? ಬರುವಾಗ ಏನು ತರಲಿ?

ಗುಬ್ಬಿ ಕಡೆಯವರು

ಒಬ್ಬಳೇ ಹೋಗಬೇಡ. ಭಯಕ್ಕೆ ಅಂತಲ್ಲ, ರಾತ್ರಿ ಎರಡು ಗಂಟೆಗೆ ಬಸ್ ಇರುವುದಿಲ್ಲ. ಬೆಂಗಳೂರಿನಲ್ಲಿ ಶೋ ಇದ್ದಾಗಲೂ ಅಷ್ಟೇ, ಸೆಟ್ ಬಿಚ್ಚುವಷ್ಟರಲ್ಲಿ ತಡವಾಗುತ್ತದೆ. ಉಳಿಯುವ ಜಾಗ ಮೊದಲೇ ಗೊತ್ತುಮಾಡಿಕೋ. ತಂಡದವರ ಹತ್ತಿರ ಇದನ್ನು ಬಾಯಿಬಿಟ್ಟು ಕೇಳು, ಸಂಕೋಚ ಬೇಡ. ನೋಟ್‌ಬುಕ್, ಎರಡು ಪೆನ್ಸಿಲ್, ರೇಡಿಯಂ ಟೇಪ್, ಒಂದು ಸಣ್ಣ ಟಾರ್ಚ್ ಇಟ್ಟುಕೋ. ಟಾರ್ಚಿನ ಮುಖಕ್ಕೆ ನೀಲಿ ಜಿಲೆಟಿನ್ ಪೇಪರ್ ಸುತ್ತು. ಬಿಳಿ ಬೆಳಕು ವಿಂಗಿನಿಂದ ಸ್ಟೇಜಿಗೆ ಹಾಯುತ್ತದೆ.

ಕುಣಿಗಲ್ ಕಡೆಯವರು

ಟಾರ್ಚ್ ನಮ್ಮಲ್ಲಿದೆ, ಬಿಡಮ್ಮಾ. ಮುಂದಿನ ತಿಂಗಳು ಎರಡು ನಾಟಕಕ್ಕೆ ಅಡ್ವಾನ್ಸ್ ಬಂದಿದೆ. ಅಪ್ಪನನ್ನೂ ಕರಕೊಂಡು ಬಾ. ಸೈಡಿನಲ್ಲಿ ಹಗ್ಗದ ಪಕ್ಕದಲ್ಲೇ ಎರಡು ಕುರ್ಚಿ ಹಾಕಿಸಿರುತ್ತೇನೆ. ರಾತ್ರಿ ಚಳಿ ಇರುತ್ತದೆ, ಅವರಿಗೊಂದು ಟವಲ್ಲೋ ಶಾಲೋ ತರುವುದಕ್ಕೆ ಹೇಳು.