ಬಾಡಿಗೆಗೆಂದೇ ಮನೆ ಕೊಳ್ಳುವುದು: ನವುಲೆಯೋ ತೀರ್ಥಹಳ್ಳಿಯೋ, ತಿಳಿದವರು ಹೇಳಿ

ಕೇಳಿದವರು: ಸುಮಾ, ಭದ್ರಾವತಿ

ನಮಸ್ಕಾರ. ಕೈಯಲ್ಲಿ 30 ಲಕ್ಷ ಇದೆ, ಇನ್ನು 30 ಲಕ್ಷ ಬ್ಯಾಂಕ್ ಸಾಲ ಸಿಗುತ್ತದೆ. ಶಿವಮೊಗ್ಗದ ನವುಲೆ ಹತ್ತಿರ 30×40 ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ ಇರುವ ಕಟ್ಟಡಕ್ಕೆ 60 ಲಕ್ಷ ಹೇಳುತ್ತಿದ್ದಾರೆ. ಬಾಡಿಗೆ ಕೆಳಗೆ 9,000, ಮೇಲೆ 8,000. ಇನ್ನೊಂದು ತೀರ್ಥಹಳ್ಳಿ ಪೇಟೆಗೆ ಹತ್ತಿರದ ಹಳೆ ಹೆಂಚಿನ ಮನೆ, 32 ಲಕ್ಷ. ಬಾಡಿಗೆ ದುಡ್ಡಲ್ಲೇ ಕಂತು ಹೋಗುತ್ತದೆಯೇ? ಅಡ್ವಾನ್ಸ್ ಕೊಡುವ ಮೊದಲು ಏನೇನು ನೋಡಬೇಕು?

ತೆರಿಗೆ ಲೆಕ್ಕ ಬರೆಯುವವರು, ದುರ್ಗಿಗುಡಿ

ಸುಮಾ ಅವರೇ, ನವುಲೆ ಮನೆಯ ಕಂತು ಬಾಡಿಗೆಯಲ್ಲಿ ಹೋಗುವುದಿಲ್ಲ. ಲೆಕ್ಕ ನೋಡಿ.

60 ಲಕ್ಷದ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಒಟ್ಟು 7.6 ಅಂದರೆ 4.56 ಲಕ್ಷ. ಮನೆ ನಿಮಗೆ ಬಿದ್ದದ್ದು 64.56 ಲಕ್ಷಕ್ಕೆ, 60ಕ್ಕಲ್ಲ. ಕೈಯಲ್ಲಿರುವ 30 ಲಕ್ಷದಲ್ಲಿ ಇದಕ್ಕೂ ದುಡ್ಡು ಎತ್ತಿಟ್ಟಿದ್ದೀರಾ ನೋಡಿಕೊಳ್ಳಿ, ಇದಕ್ಕೆಲ್ಲ ಬ್ಯಾಂಕಿನವರು ಸಾಲ ಕೊಡುವುದಿಲ್ಲ.

ವರ್ಷದ ಬಾಡಿಗೆ 2,04,000. ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬೀಳುತ್ತದೆಂದು 17,000 ತೆಗೆಯಿರಿ. ರಿಪೇರಿ, ಬಣ್ಣಕ್ಕೆ 20,000, ಕಂದಾಯ ಮತ್ತು ವಿಮೆಗೆ 7,000 ಇಟ್ಟುಕೊಂಡರೆ ಉಳಿಯುವುದು 1,60,000. ಹಾಕಿದ ದುಡ್ಡಿಗೆ ಶೇ. 2.5ರ ಹತ್ತಿರ. ಶೇ. 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ಪ್ರತಿ ಲಕ್ಷಕ್ಕೆ ತಿಂಗಳ ಕಂತು 868 ರೂಪಾಯಿ. 30 ಲಕ್ಷಕ್ಕೆ 26,000 ಆಯಿತು. ಬಾಡಿಗೆಯಿಂದ ಉಳಿಯುವುದು ತಿಂಗಳಿಗೆ 13,300. ಮಿಕ್ಕ 12,700 ನಿಮ್ಮ ಸಂಬಳದಿಂದ ಹೋಗಬೇಕು. ಈ ಬಾಡಿಗೆ ತಾನಾಗಿ ಹೊರುವ ಸಾಲ 15 ಲಕ್ಷ, ಅಷ್ಟೇ.

ತೆರಿಗೆಯಲ್ಲಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಹೊಸ ಪದ್ಧತಿಯೋ ಹಳೆಯದೋ ಕೇಳಿ. ಎರಡರಲ್ಲೂ ನೀವು ಕಟ್ಟಿದ ಕಂದಾಯ ಕಳೆದು, ಉಳಿದ ಬಾಡಿಗೆಯಲ್ಲಿ ಶೇ. 30 ರಿಪೇರಿ ಬಾಬ್ತು ಬಿಡುತ್ತಾರೆ, ಬಿಲ್ಲು ಬೇಕಿಲ್ಲ. ಆಮೇಲೆ ಬಡ್ಡಿ ಕಳೆದು ನಷ್ಟ ಬಂದರೆ ಹಳೆ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಹೊಸದರಲ್ಲಿ ಸಂಬಳದಿಂದ ಕಳೆಯಲು ಬರುವುದಿಲ್ಲ. ಇನ್ನೊಂದು: 9,000 ಬಾಡಿಗೆ ವರ್ಷಕ್ಕೆ 1,08,000 ಆಗುತ್ತದೆ. ಲಕ್ಷ ದಾಟಿದರೆ ನೌಕರಿಯಲ್ಲಿರುವ ಬಾಡಿಗೆದಾರರು ಮನೆ ಬಾಡಿಗೆ ಭತ್ಯೆಗಾಗಿ ನಿಮ್ಮ ಪ್ಯಾನ್ ಕೇಳುತ್ತಾರೆ. ಕೊಡಿ, ಆದಾಯವನ್ನೂ ತೋರಿಸಿ.

ಪತ್ರ ಬರಹಗಾರರು, ಶಿವಮೊಗ್ಗ

ಮೊದಲು ಇ-ಖಾತೆ, ಅಂದರೆ ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ. ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಆದರೆ ಇ-ಖಾತೆ ಇದೆ ಎಂದ ಮಾತ್ರಕ್ಕೆ ಸುಮ್ಮನಾಗಬೇಡಿ, ಒಳಗೆ ಬರೆದ ಕಟ್ಟಡದ ವಿಸ್ತೀರ್ಣ ಓದಿ. ಕೆಳಗಿನ ಮನೆ ಮಾತ್ರ ಖಾತೆಯಲ್ಲಿದ್ದು, ಆಮೇಲೆ ಎತ್ತಿದ ಮೇಲಿನ ಮನೆ ಕಾಗದದಲ್ಲೇ ಇರದ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಿದ್ದರೆ ಬ್ಯಾಂಕ್ ಕೆಳಗಿನದಕ್ಕೆ ಮಾತ್ರ ಬೆಲೆ ಕಟ್ಟುತ್ತದೆ, ನಿಮ್ಮ 30 ಲಕ್ಷ ಸಾಲ 18ಕ್ಕೋ 20ಕ್ಕೋ ಇಳಿಯಬಹುದು. ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು ಟೇಪಿನಲ್ಲಿ ಅಳೆಯಿರಿ.

ಆಸ್ತಿಯ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, 30 ವರ್ಷದ್ದು ತೆಗೆಸಿ. ಮೂಲದಲ್ಲಿ ಬಡವರಿಗೆ ಸರ್ಕಾರ ಕೊಟ್ಟ ಆಶ್ರಯ ನಿವೇಶನವೋ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ ಕೊಡುವ 94ಸಿಸಿ ಹಕ್ಕುಪತ್ರದ್ದೋ ಆಗಿದ್ದರೆ ಇಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಅದರಲ್ಲೇ ಇರುತ್ತದೆ. ಅವಧಿ ಮುಗಿಯದೆ ಮುಟ್ಟಬೇಡಿ. ತೀರ್ಥಹಳ್ಳಿ ಮನೆ ಪಟ್ಟಣ ಪಂಚಾಯಿತಿ ಗಡಿಯ ಹೊರಗಿದ್ದರೆ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ಅದು ಸಕ್ರಮ ಆಸ್ತಿಯಲ್ಲ ಎಂದೇ ಅರ್ಥ.

ಎಲ್ಲರೂ ಮರೆಯುವ ವಿಷಯ: ಈಗಿರುವ ಬಾಡಿಗೆದಾರರ ಮುಂಗಡ. ಅದು ಮಾರುವವರ ಕೈಯಲ್ಲಿದೆ, ನಾಳೆ ಮನೆ ಬಿಡುವಾಗ ಅವರು ಕೇಳುವುದು ನಿಮ್ಮನ್ನು. ಎರಡೂ ಮನೆಯ ಕರಾರು ನೋಡಿ, ಮುಂಗಡದ ಮೊತ್ತವನ್ನು ಬಾಡಿಗೆದಾರರ ಬಾಯಿಂದಲೇ ಕೇಳಿ ಖಚಿತ ಮಾಡಿಕೊಂಡು, ಕ್ರಯದ ಹಣದಲ್ಲಿ ಅಷ್ಟನ್ನು ಹಿಡಿದುಕೊಳ್ಳಿ. ಕ್ರಯಪತ್ರದಲ್ಲೂ ಒಂದು ಸಾಲು ಬರೆಸಿ.

ವೈರಿಂಗ್ ಕೆಲಸದವರು, ಗೋಪಾಳ

ಎರಡು ಮನೆಗೆ ಎರಡು ಮೀಟರ್ ಇದೆಯಾ ನೋಡಿ ಅಕ್ಕ. ಒಂದೇ ಮೀಟರ್ ಆದರೆ ಗೃಹಜ್ಯೋತಿ ಕೈಬಿಟ್ಟ ಹಾಗೆ. ಕೆಳಗೆ 110, ಮೇಲೆ 110 ಯೂನಿಟ್ ಸುಟ್ಟರೆ 220. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ, ಹಂಚಿಕೊಳ್ಳುವಾಗ ಜಗಳ. ಹೊಸ ಮೀಟರ್ ಹಾಕಿಸೋಣ ಎಂದರೆ ಕರೆಂಟು ಕೊಡುವ ಮೆಸ್ಕಾಂನವರು ಕಟ್ಟಡದ ಕಾಗದಪತ್ರ ಕೇಳುತ್ತಾರೆ, ಹಾಗಾಗಿ ಅದನ್ನು ಮಾರುವವರ ಹೆಸರಲ್ಲಿರುವಾಗಲೇ ಮಾಡಿಸಿಕೊಡಿ ಎನ್ನಿ. ಬಾಡಿಗೆದಾರರು ಬಿಟ್ಟು ಹೋಗುವಾಗ ಆರ್‌ಆರ್ ನಂಬರಿಂದ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಗೃಹಜ್ಯೋತಿಗಾಗಿ ಮಾಡಿದ ಅವರ ಆಧಾರ್ ಜೋಡಣೆ ತೆಗೆಸಬೇಕು. ತೆಗೆಸದಿದ್ದರೆ ಅವರಿಗೆ ಮುಂದಿನ ಮನೆಯಲ್ಲಿ ತೊಂದರೆ, ನಿಮ್ಮಲ್ಲಿಗೆ ಬರುವವರಿಗೂ ತೊಂದರೆ. ಮುಂಗಡ ಹಿಂದಿರುಗಿಸುವ ದಿನವೇ ಮಾಡಿಸಿ.

ನಮ್ಮ ಕಡೆ ಮಳೆಗಾಲದಲ್ಲಿ ಸೋಲಾರ್ ನೀರು ಕಾಯುವುದಿಲ್ಲ, ಎಲ್ಲರೂ ಗೀಸರ್ ಹಾಕುತ್ತಾರೆ. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಅದಕ್ಕೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಎಂಸಿಬಿ, 4 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರ್ ಸಾಕೆಟ್ ಇರಲಿ. ಲೈಟಿನ ವೈರಿಗೆ ಗೀಸರ್ ಕೊಟ್ಟರೆ ಸಾಕೆಟ್ ಕರಗುತ್ತದೆ. ಗೋಡೆ ನೆನೆದಾಗ ಶಾಕ್ ಹೊಡೆಯುವುದು ಮಲೆನಾಡಿನಲ್ಲಿ ಮಾಮೂಲಿ ಎಂದು ಬಿಡಬೇಡಿ. ಪ್ರತಿ ಮನೆಗೂ ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಲು ಬಾಡಿಗೆದಾರರಿಗೆ ಹೇಳಿಕೊಡಿ. ಒತ್ತಿದಾಗ ಬೀಳದಿದ್ದರೆ ಬದಲಾಯಿಸಬೇಕು. ಇದರಲ್ಲಿ ಉಳಿತಾಯ ನೋಡಲೇಬೇಡಿ, ಜೀವದ ಪ್ರಶ್ನೆ.

ಗಾರೆ ಮೇಸ್ತ್ರಿ, ತೀರ್ಥಹಳ್ಳಿ

ಮನೆಯನ್ನು ಬೇಸಿಗೆಯಲ್ಲಿ ನೋಡಿ ಮೆಚ್ಚಬೇಡಿ ಮಾರಾಯ್ರೆ. ಪುಷ್ಯ ಮಳೆ ಹಿಡಿದಾಗ, ಜುಲೈ ಕೊನೆಗೆ, ಒಂದು ಸಲ ಹೋಗಿ ಒಳಗಿನ ಗೋಡೆಗೆ ಅಂಗೈ ಇಟ್ಟು ನೋಡಿ. ನೈಋತ್ಯದ ಗೋಡೆಗೆ ಎರಚಲು ಜಾಸ್ತಿ. ಬೀರು ಸರಿಸಿ ಅದರ ಹಿಂದೆಯೂ ನೋಡಿ, ಬೂಷ್ಟು ಅಲ್ಲೇ ಇರುತ್ತದೆ. ಮಳೆಯ ತನಕ ಕಾಯಲು ಆಗದಿದ್ದರೆ ತಾರಸಿಯ ನೀರಿನ ಕಿಂಡಿ ಮುಚ್ಚಿ 2 ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿಂದ ನೋಡಿ. ಮೇಲಿನ ಮನೆಯ ಬಚ್ಚಲಿಗೂ ಇದೇ ಪರೀಕ್ಷೆ.

ತಾರಸಿ ಸೋರುವುದು ಬಹಳ ಸಲ ನಡುವೆ ಅಲ್ಲ, ಕೈಪಿಡಿ ಗೋಡೆ ಕೂಡುವ ಮೂಲೆಯಲ್ಲಿ ಮತ್ತು ಪೈಪು ಹೊರಬರುವಲ್ಲಿ. 100 ಅಡಿಗೆ 1 ಅಡಿ ಇಳಿಜಾರು ಬೇಕು, ಅಂದರೆ 30 ಅಡಿ ಉದ್ದಕ್ಕೆ ಮೂರೂವರೆ ಇಂಚು. ಕಿಂಡಿಯ ಪೈಪು 4 ಇಂಚಿನದು, ಕನಿಷ್ಠ ಎರಡು ಕಡೆ. ಒಂದೇ ಇದ್ದರೆ ತರಗೆಲೆ ಕಟ್ಟಿ ತಾರಸಿ ಕೆರೆಯಾಗುತ್ತದೆ. ವಾಟರ್‌ಪ್ರೂಫ್ ಬಳಿಯುವ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ನವೆಂಬರಿನಲ್ಲಿ ಗೋಡೆ ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಆಗ ಬಣ್ಣ ಹೊಡೆದರೆ ಆ ತೇವ ಹೊರಬರಲಾಗದೆ ಬಣ್ಣವನ್ನೇ ಗುಳ್ಳೆ ಎಬ್ಬಿಸುತ್ತದೆ, ಮುಂದಿನ ವರ್ಷ ಮತ್ತೆ ಖರ್ಚು. ತಾರಸಿ ಮೇಲೆ ಶೀಟ್ ಹೊದಿಸಿದ್ದರೆ ಸ್ಕ್ರೂಗಳು ಶೀಟಿನ ಉಬ್ಬಿನಲ್ಲಿರಬೇಕು, ತಗ್ಗಿನಲ್ಲಲ್ಲ. ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಅದನ್ನು ಮಾತ್ರ ಬದಲಿಸಿದರೂ ಎಷ್ಟೋ ಸೋರಿಕೆ ನಿಲ್ಲುತ್ತದೆ.

ನಮ್ಮೂರಿನ ಹೆಂಚಿನ ಮನೆ ಬಗ್ಗೆ. ಹೆಂಚು ಒಡೆದರೆ ಚಿಂತೆಯಿಲ್ಲ, ಹೆಂಚು ಹೊರುವ ಮರದ ಪಕಾಸು ಕೊಳೆತಿದ್ದರೆ ಚಿಂತೆ. ಅಟ್ಟ ಹತ್ತಿ ಪಕಾಸು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಒಳಗೆ ಗೆದ್ದಲೋ ಕೊಳೆಯೋ ಇದೆ, ಹೆಂಚಿನ ಮಾಡು ಇಳಿಸಿ ಕಟ್ಟುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಹೆಂಚು ತೆಗೆದು ಪಾಚಿ ಉಜ್ಜಿ ಮತ್ತೆ ಹೊದಿಸುವುದು ಪ್ರತಿ ಬೇಸಿಗೆಯ ಕೆಲಸ, ರೋಹಿಣಿ ಮಳೆಗೆ ಮೊದಲು. ಮಂಗ ಓಡಾಡುವ ಊರು, ವರ್ಷಕ್ಕಷ್ಟು ಒಡೆಯುತ್ತವೆ. ಬೇರೆ ಬೇರೆ ಕಾರ್ಖಾನೆಯ ಹೆಂಚಿನ ಅಂಚಿನ ಕಚ್ಚು ಒಂದಕ್ಕೊಂದು ಕೂರುವುದಿಲ್ಲ, ಆದ್ದರಿಂದ ಈಗಿರುವ ಅಚ್ಚಿನದೇ 100 ಹಳೆ ಹೆಂಚು ಹುಡುಕಿ ಹಿತ್ತಿಲಲ್ಲಿ ಜೋಡಿಸಿಡಿ. ಪಾಯಿಖಾನೆ ಗುಂಡಿ ಎಲ್ಲಿದೆ, ಬಾವಿಗೆ ಎಷ್ಟು ದೂರ ಕೇಳಿ. ಮಳೆಗಾಲದಲ್ಲಿ ನೆಲದ ನೀರು ಏರಿ ಗುಂಡಿ ತುಂಬಿದರೆ ಬಾಡಿಗೆದಾರರು ಆ ತಿಂಗಳೇ ಬೇರೆ ಮನೆ ಹುಡುಕುತ್ತಾರೆ.

ಶಿವಮೊಗ್ಗದಲ್ಲಿ ಹೊಳೆ ಬದಿಯ ತಗ್ಗಿನಲ್ಲಿ ಯಾವುದೇ ಮನೆ ನೋಡಿದರೂ 2019ರ ಆಗಸ್ಟಿನಲ್ಲಿ ತುಂಗೆ ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ. ಗುರುತು ತೋರಿಸುತ್ತಾರೆ.

ಬಾಡಿಗೆ ಮನೆ ನೋಡಿಕೊಳ್ಳುವವರು, ವಿನೋಬನಗರ

ನವುಲೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಹುಡುಗರಿಗೆ ಕೊಟ್ಟರೆ ಹೆಚ್ಚು ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಆದರೆ ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಖಾಲಿ. ತಲೆಗಿಷ್ಟು ಎಂದು ಊಟದ ಸಮೇತ ಕೊಟ್ಟರೆ ಅದು ಪಿಜಿ, ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಮೊದಲ ಸಲ ಮಾಡುವವರಿಗೆ ಸಂಸಾರಸ್ಥರೇ ಸಲೀಸು. ನೀರಿನ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್, ನಾಲ್ಕು ಜನಕ್ಕೆ 540. ಪ್ರತಿ ಮನೆಗೆ 1,000 ಲೀಟರಿನ ಬೇರೆ ಬೇರೆ ಟ್ಯಾಂಕ್ ಇಡಿ, ಅರ್ಧ ಜಗಳ ಅಲ್ಲೇ ತೀರುತ್ತದೆ.

ಕರಾರು 11 ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಕರಾರಿನಲ್ಲಿ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕೆನ್ನುತ್ತದೆ ಕಾನೂನು. ಅದು ಇಬ್ಬರಿಗೂ ಕಷ್ಟ, ಒಂದು ತಿಂಗಳು ಎಂದು ಬರೆಸಿ. ಮನೆ ಕೊಡುವ ದಿನ ಎರಡೂ ಮೀಟರಿನ ಅಂಕಿ, ನಲ್ಲಿ, ಫ್ಯಾನು, ಬಾಗಿಲಿನ ಫೋಟೋ ತೆಗೆದು ಅವರಿಗೂ ಕಳಿಸಿ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ಇದೆ. ವಾಸ ಎರಡು ವರ್ಷ ದಾಟಿದ್ದರೆ ಮುರಿಯುವುದಿಲ್ಲ ಎಂದು ಮೊದಲೇ ಬರೆಯಿರಿ, ಒಳ್ಳೆಯವರು ನಿಲ್ಲುತ್ತಾರೆ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿ, ಶೇ. 5 ರಿಯಾಯಿತಿ.

ಸುಮಾ, ಭದ್ರಾವತಿ

ಎಲ್ಲರಿಗೂ ಧನ್ಯವಾದ. ಸಾಲ ಕಡಿಮೆ ಮಾಡಲು ಮೇಲಿನ ಮನೆಯನ್ನು 6 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಹಾಕಿದರೆ?

ತೆರಿಗೆ ಲೆಕ್ಕ ಬರೆಯುವವರು, ದುರ್ಗಿಗುಡಿ

6 ಲಕ್ಷ ಸಾಲಕ್ಕೆ ಕಟ್ಟಿದರೆ ಶೇ. 8.5ರಂತೆ ವರ್ಷಕ್ಕೆ 51,000 ಬಡ್ಡಿ ಉಳಿಯುತ್ತದೆ. ಬಿಟ್ಟ ಬಾಡಿಗೆ 96,000. ಮನೆ ಒಂದು ತಿಂಗಳು ಖಾಲಿ ಬಿದ್ದರೂ 88,000. ವರ್ಷಕ್ಕೆ 37,000 ನಷ್ಟ, ಮೂರನೇ ವರ್ಷ 6 ಲಕ್ಷ ಒಟ್ಟಿಗೆ ಹೊಂದಿಸಬೇಕು. ಮೂರು ವರ್ಷದ್ದಾದರೆ ನೋಂದಣಿ ಬೇಕು, ಮನೆ ಅಡವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅದರ ಬದಲು ಮೇಲಿನ ಮನೆ ಖಾತೆಯಲ್ಲಿ ಇದೆಯೋ ಇಲ್ಲವೋ ಈ ವಾರ ನೋಡಿ. ಇಲ್ಲದಿದ್ದರೆ ಬೆಲೆ ಇಳಿಸಲು ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿ ಮಾತು ಬೇರೆ ಇಲ್ಲ.