ಲ್ಯೂನೆಬುರ್ಗರ್ ಹೈಡೆ: ಕುರುಚಲು ಬಯಲಿಗೆ ಸಾರ್ವಜನಿಕ ಹಣ ಏಕೆ?

ಪ್ರಶ್ನೆ:
ಜರ್ಮನಿಯ ಹ್ಯಾಂಬರ್ಗ್ ನಗರದ ದಕ್ಷಿಣಕ್ಕಿರುವ ಲ್ಯೂನೆಬುರ್ಗರ್ ಹೈಡೆಯನ್ನು ಆಗಸ್ಟ್ ತಿಂಗಳಲ್ಲಿ ನೋಡಿ ಬಂದೆ. ಮೊಣಕಾಲೆತ್ತರದ ಹೀದರ್ ಪೊದೆಗಳು ಕಣ್ಣು ಹಾಯುವಷ್ಟು ದೂರ ನೇರಳೆ ಹೂ ಹೊತ್ತು ನಿಂತಿದ್ದವು. ಆದರೆ ಆರೈಕೆ ನಿಂತರೆ ಬರ್ಚ್, ಪೈನ್ ಮರಗಳು ಬೆಳೆದು ಇಡೀ ಬಯಲು ಕಾಡಾಗುತ್ತದೆಯಂತೆ. ತಾನಾಗಿ ಬರುವ ಕಾಡನ್ನು ತಡೆಯಲು ವರ್ಷವರ್ಷವೂ ಹಣ ವೆಚ್ಚ ಮಾಡುವುದಕ್ಕೆ ಆರ್ಥಿಕ ಸಮರ್ಥನೆ ಇದೆಯೇ? ಸ್ಥಳೀಯರು ಅದನ್ನು ಮನಸಾರೆ ಒಪ್ಪಿದ್ದಾರೆಯೇ?

ಉತ್ತರ 1:
ಆ ಬಯಲು ಹುಟ್ಟಿದ್ದೇ ರೈತರ ದುಡಿಮೆಯಿಂದ. ಹೀದರ್ ಸಮೇತ ಮೇಲ್ಮಣ್ಣಿನ ಹೆಂಟೆಗಳನ್ನು ಕೆತ್ತಿ ಕೊಟ್ಟಿಗೆಗೆ ಹಾಸಿ, ಗಂಜಲ ಹೀರಿದ ಬಳಿಕ ಅದನ್ನೇ ಮರಳು ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಿದ್ದರು. ಹೈಡ್‌ಶ್ನುಕೆ ಕುರಿಗಳು ಮರದ ಸಸಿಗಳನ್ನು ಮೇಯ್ದು ಬಯಲನ್ನು ಬಯಲಾಗಿಯೇ ಇಡುತ್ತಿದ್ದವು. ರಾಸಾಯನಿಕ ಗೊಬ್ಬರ, ಹೊರದೇಶದ ಅಗ್ಗದ ಉಣ್ಣೆ ಬಂದ ಮೇಲೆ ಆ ಬದುಕು ಕುಸಿದು ಪೈನ್ ನೆಡುತೋಪು ಹಬ್ಬಿತು. 1906ರಲ್ಲಿ ಪಾದ್ರಿ ವಿಲ್ಹೆಲ್ಮ್ ಬೋಡೆ ಅವರು ಹಣ ಹೊಂದಿಸಿ ಟೋಟೆನ್‌ಗ್ರುಂಡ್ ಕಣಿವೆಯನ್ನು ಖರೀದಿಸದಿದ್ದರೆ ನೀವು ಕಂಡ ನೋಟ ಉಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ.

ಆದಾಯವೆಂದರೆ ಎಲ್ಲರೂ ಪ್ರವಾಸೋದ್ಯಮವನ್ನೇ ಹೇಳುತ್ತಾರೆ. ನಾನು ಮೊದಲು ನೀರನ್ನು ಹೇಳುತ್ತೇನೆ. ವರ್ಷವಿಡೀ ಹಸಿರಾಗಿರುವ ಪೈನ್ ಮರಗಳು ಮಳೆಯ ದೊಡ್ಡ ಪಾಲನ್ನು ಆವಿಯಾಗಿ ಹಿಂತಿರುಗಿಸುತ್ತವೆ, ಹೀದರ್ ಬಯಲಿನಲ್ಲಿ ಅದಕ್ಕಿಂತ ಹೆಚ್ಚು ನೀರು ಮರಳಿಗಿಳಿದು ಅಂತರ್ಜಲ ಸೇರುತ್ತದೆ. ಹ್ಯಾಂಬರ್ಗ್‌ನ ಕುಡಿಯುವ ನೀರಿನ ಒಂದು ಪಾಲು ಹೈಡೆಯ ಉತ್ತರ ಭಾಗದ ಅಂತರ್ಜಲದಿಂದಲೇ ಬರುತ್ತದೆ, ಆ ಎತ್ತುವಳಿಗೆ ಅಲ್ಲಿನ ಹಳ್ಳಿಗರ ಆಕ್ಷೇಪವೂ ಇದೆ.

ಉತ್ತರ 2:
ಜೇನನ್ನು ಮರೆಯಬಾರದು. ಬೆಳಗಿನ ಇಬ್ಬನಿಯಲ್ಲಿ ಕುರಿಮಂದೆ ಪೊದೆಗಳ ನಡುವೆ ಹಾದಾಗ ಜೇಡರ ಬಲೆಗಳು ಹರಿದು ಜೇನ್ನೊಣಗಳಿಗೆ ದಾರಿಯಾಗುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ಆ ಜೇನುತುಪ್ಪ ಲೋಳೆಯಂತೆ ಗಟ್ಟಿ. ಸುಮ್ಮನೆ ಯಂತ್ರದಲ್ಲಿ ತಿರುಗಿಸಿದರೆ ಜೇನುರಟ್ಟಿನಿಂದ ಹೊರಬಾರದು, ಹಿಂಡಬೇಕು ಇಲ್ಲವೇ ಮೊದಲು ಕದಡಬೇಕು. ಆದರೆ ಕುರುಬರಿಲ್ಲದೆ ಇದಾವುದೂ ಇಲ್ಲ. ತೋಳಗಳು ಮರಳಿ ಬಂದಿರುವಾಗ ಬೇಲಿ, ಕಾವಲುನಾಯಿಗಳ ಹೊರೆಯನ್ನು ಅವರೊಬ್ಬರ ಮೇಲೆಯೇ ಹೇರಿದರೆ ಅವರ ಒಪ್ಪಿಗೆ ಎಷ್ಟು ದಿನ ಉಳಿದೀತು?

ಉತ್ತರ 3:
ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಹುಲ್ಲುಗಾವಲಿನ ವಿಷಯದಲ್ಲಿ ಇದೇ ತೊಡಕನ್ನು ಕಂಡೆವು. ಮರವಿಲ್ಲದ ನೆಲವನ್ನು ಪಾಳು ಎಂದು ಕರೆಯುವ ರೂಢಿ ಒಂದೆಡೆ, ದನಕುರಿಗಳ ಮೇವು ಕೈತಪ್ಪೀತೆಂಬ ಹಳ್ಳಿಗರ ಆತಂಕ ಇನ್ನೊಂದೆಡೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿತು. ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಆ ಪ್ರತಿನಿಧಿಯ ಮಾತಿಗೆ ಸಭೆಯಲ್ಲಿ ಎಷ್ಟು ತೂಕ ಸಿಗುತ್ತದೆ ಎಂಬುದನ್ನೇ ನಾನು ಗಮನಿಸುತ್ತೇನೆ.